ವೇಗವೋ, ವಿಶ್ವಾಸವೋ?

ನಮ್ಮ ಹಿರಿಯರು ದನದ ಜಾತ್ರೆಗೆ ಹೋದರೆ ಎತ್ತಿನ ಬಾಯನ್ನು ತೆರೆಯಿಸಿ ಹಲ್ಲನ್ನೆಣಿಸಿ, ಹೆಗಲನ್ನು ತಡವಿ, ನಾಲ್ಕು ಹೆಜ್ಜೆ ನಡೆಯಿಸಿ ನೋಡಿ, ಆಮೇಲೆ ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುತ್ತಿದ್ದರು. ಈಗ ಎತ್ತಿನ ಸ್ಥಾನಕ್ಕೆ ಮೋಟಾರು ಗಾಡಿ ಬಂದಿದೆ. ಅದರ ಹಲ್ಲನ್ನು ಎಲ್ಲಿ ಎಣಿಸಬೇಕೆಂಬುದು ತಿಳಿಯದೆ ಎಷ್ಟೋ ಮಂದಿ ಗೃಹಸ್ಥರು ಬಣ್ಣಕ್ಕೆ ಮರುಳಾಗಿ ಹಣವನ್ನು ಕಳೆದುಕೊಳ್ಳುತ್ತಿದ್ದಾರೆ. ಕಳೆದ ತಿಂಗಳು ನಮ್ಮ ಮನೆಯಲ್ಲಿಯೇ ಈ ಪ್ರಶ್ನೆ ಹುಟ್ಟಿದುದರಿಂದ ಅದನ್ನು ಓದುಗರ ಮುಂದಿಡುತ್ತೇನೆ.

ನನ್ನ ಅಕ್ಕನ ಮಗನು ಹುಣಸೂರಿನಲ್ಲಿ ವಾಸವಾಗಿದ್ದು ಮೈಸೂರಿನಲ್ಲಿ ಉದ್ಯೋಗ ಮಾಡುವವನು. ಅವನ ತಂದೆಗೆ, ಎಂದರೆ ನಮ್ಮ ಭಾವನವರಿಗೆ, ಮೂತ್ರಪಿಂಡಗಳು ಕೆಲಸ ಮಾಡುವುದನ್ನು ನಿಲ್ಲಿಸಿ ಎರಡು ವರ್ಷವಾಯಿತು. ವಾರಕ್ಕೆ ಎರಡು ಸಲ ಅವರನ್ನು ಮೈಸೂರಿಗೆ ಕರೆತಂದು ಡಯಾಲಿಸಿಸ್ ಮಾಡಿಸಬೇಕು. ದಾರಿ ಸುಮಾರು 45 ಕಿಲೋಮೀಟರು. ಇದುವರೆಗೆ ಬಾಡಿಗೆಯ ಗಾಡಿಯಲ್ಲಿ ಕಾಲ ತಳ್ಳಿದ ಹುಡುಗನು, ಕೂಡಿಟ್ಟ 5 ಲಕ್ಷ ರೂಪಾಯಿಗಳಲ್ಲಿ ಒಂದು ಹಳೆಯ ಕಾರನ್ನು ಕೊಳ್ಳುವುದೆಂದು ನಿಶ್ಚಯಿಸಿದನು. ಎರಡು ಗಾಡಿಗಳನ್ನು ನೋಡಿಯೂ ಬಂದನು. ಒಂದು ಕೆಂಪು ಬಣ್ಣದ್ದು. ಎಂಟು ವರ್ಷ ಹಳೆಯದು. ಟರ್ಬೋ ಯಂತ್ರ, ಎರಡು ಕ್ಲಚ್ಚುಗಳಿರುವ ಸ್ವಯಂಚಾಲಿತ ಗೇರು ಪೆಟ್ಟಿಗೆ. ಬೆಲೆ 4 ಲಕ್ಷ 90 ಸಾವಿರ. ಇನ್ನೊಂದು ಬೂದು ಬಣ್ಣದ್ದು. ಒಂಬತ್ತು ವರ್ಷ ಹಳೆಯದು. ಟರ್ಬೋ ಇಲ್ಲದ ಸಾಮಾನ್ಯ ಪೆಟ್ರೋಲು ಯಂತ್ರ, ಕೈಯಿಂದ ಹಾಕುವ ಗೇರು. ಬೆಲೆ 4 ಲಕ್ಷ 25 ಸಾವಿರ. “ನಿನ್ನ ಮಾವನು ಸೈ ಎಂದರೆ ಯಾವುದನ್ನಾದರೂ ಕೊಂಡುಕೋ” ಎಂದು ಅಕ್ಕನು ಹೊರೆಯನ್ನು ನನ್ನ ತಲೆಯ ಮೇಲೆ ಹೊರಿಸಿದಳು.

“ಮಾವ, ನಿಮ್ಮ ಉತ್ತರ ನನಗೆ ಗೊತ್ತಿದೆ. ಬೂದು ಗಾಡಿಯನ್ನು ಕೊಂಡುಕೋ ಎನ್ನುತ್ತೀರಿ. ಆದರೆ ಎರಡು ವರ್ಷದಿಂದ ಆಫೀಸು, ಆಸ್ಪತ್ರೆ, ಮನೆ ಇಷ್ಟೇ ನನ್ನ ಬಾಳಾಗಿದೆ. ಅಪ್ಪನನ್ನು ಒಳಗೆ ಮಲಗಿಸಿದ ಮೇಲೆ ನಾಲ್ಕು ಗಂಟೆ ಹೊರಗೆ ಕಾಯುತ್ತೇನೆ. ಆ ಹೊತ್ತಿನಲ್ಲಿ ಚಾಮುಂಡಿ ಬೆಟ್ಟಕ್ಕೊಮ್ಮೆ ಹತ್ತಿ ಇಳಿದು ಬಂದರೆ ಮನಸ್ಸು ಹಗುರವಾದೀತು. ಅದೂ ತಪ್ಪೇ?” ಎಂದನು.

ತಪ್ಪೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಸಂಸ್ಕೃತದಲ್ಲಿ ಯೋಗಕ್ಷೇಮವೆಂಬ ಮಾತುಂಟು. ಕಾಗದ ಬರೆಯುವಾಗ ನಾವು ಅದನ್ನು ಒಂದೇ ಪದವೆಂಬಂತೆ ಬಳಸುತ್ತೇವೆ. ಆದರೆ ಅದರಲ್ಲಿರುವುವು ಎರಡು ಅರ್ಥಗಳು. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಹುಡುಗನು ಕೇಳುತ್ತಿದ್ದುದು ಯೋಗ. ಅಕ್ಕನು ಬಯಸುತ್ತಿದ್ದುದು ಕ್ಷೇಮ. ಎರಡೂ ನ್ಯಾಯವಾದ ಬಯಕೆಗಳೇ.

ನನಗೂ ಒಂದು ಹಳೆಯ ಅನುಭವವುಂಟು. 1991ರಲ್ಲಿ ನಾನು ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದೆನು. ವೇಗಕ್ಕೆ ಹೆಸರಾದ ಎರಡು ಸ್ಟ್ರೋಕಿನ ಮೋಟಾರು ಸೈಕಲ್ಲೊಂದನ್ನು ಯಾರಿಂದಲೋ ಕೊಂಡಿದ್ದೆನು. ಅದು ಬೆಳಗಿನ ತಂಪಿನಲ್ಲಿ ಹಟ ಹಿಡಿಯುತ್ತಿತ್ತು. ರಿಪೇರಿಯಾಗಬೇಕೆಂದು ಬಲ್ಲೆನಾದರೂ ಮುಂದಿನ ಸಂಬಳ, ಅದರ ಮುಂದಿನ ಸಂಬಳ ಎಂದು ದಿನ ದೂಡುತ್ತಿದ್ದೆನು. ಒಂದು ರಾತ್ರಿ ಎರಡು ಗಂಟೆಗೆ ನಮ್ಮ ತಂದೆಯವರಿಗೆ ಪಾರ್ಶ್ವವಾಯು ಬಡಿಯಿತು. ಪೇಟೆಯಿಂದ ಕಾರು ತರಲು ಹೊರಟೆನು. ಅರ್ಧ ಗಂಟೆ ಒದ್ದರೂ ಆ ಯಂತ್ರವು ಉಸಿರೆತ್ತಲಿಲ್ಲ. ಕಡೆಗೆ ನೆರೆಮನೆಯವರ ಬೈಸಿಕಲ್ಲನ್ನು ತುಳಿದುಕೊಂಡು ಒಂಬತ್ತು ಕಿಲೋಮೀಟರು ಹೋದೆನು. ತಂದೆಯವರು ಉಳಿದರು, ಅವರ ಬಲಗೈ ಮಾತ್ರ ಮತ್ತೆ ಏಳಲಿಲ್ಲ. ಬೇಗನೆ ಬಂದಿದ್ದರೆ ಕೈ ಉಳಿಯುತ್ತಿತ್ತೇ ಎಂದು ನಾನು ವೈದ್ಯರನ್ನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಇಂದಿಗೂ ಆ ಅರ್ಧ ಗಂಟೆಯ ಲೆಕ್ಕವು ನನ್ನ ತಲೆಯಲ್ಲಿ ಮುಗಿದಿಲ್ಲ. ಇಷ್ಟಾದರೂ ಆ ಗಾಡಿಯ ಮೇಲೆ ಕುಳಿತು ಕೆರೆಯ ಏರಿಯ ಮೇಲೆ ಹೋಗುತ್ತಿದ್ದಾಗ ನನಗಾಗುತ್ತಿದ್ದ ಸಂತೋಷವು ಸುಳ್ಳೆಂದು ಹೇಳಲಾರೆನು. ಈ ಕಥೆಯನ್ನು ಹುಡುಗನಿಗೆ ಮೊದಲ ಸಲ ಹೇಳಿದೆನು. ಅವನು ಸುಮ್ಮನೆ ಕೇಳಿದನು.

ಆಮೇಲೆ ಇಬ್ಬರೂ ಕುಳಿತು ಆ ಕೆಂಪು ಗಾಡಿಯ ವೇಗವು ಎಲ್ಲಿಂದ ಬರುತ್ತದೆಂದು ವಿಚಾರ ಮಾಡಿದೆವು. ಟರ್ಬೋ ಎಂಬುದು ಹೊರಹೋಗುವ ಹೊಗೆಯ ಬಲದಿಂದಲೇ ತಿರುಗುವ ಒಂದು ಚಕ್ರ. ಅದು ನಿಮಿಷಕ್ಕೆ ಲಕ್ಷ ಸುತ್ತುಗಳನ್ನೂ ಮೀರಿ ತಿರುಗಿ, ಯಂತ್ರಕ್ಕೆ ಹೆಚ್ಚು ಗಾಳಿಯನ್ನು ತುಂಬುತ್ತದೆ. ಅಷ್ಟು ವೇಗದ ಚಕ್ರಕ್ಕೆ ಶುದ್ಧವಾದ ಎಣ್ಣೆಯೇ ಪ್ರಾಣ. ಹಿಂದಿನ ಯಜಮಾನನು ಎಣ್ಣೆ ಬದಲಾಯಿಸುವುದರಲ್ಲಿ ಜಿಪುಣತನ ಮಾಡಿದ್ದರೆ ಅದರ ದಂಡವನ್ನು ತೆರುವವನು ಮುಂದಿನ ಯಜಮಾನ. ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಕ್ಕೇ ಚಿಮ್ಮಿಸುವ ಯಂತ್ರಗಳಲ್ಲಿ, ಗಾಳಿಯ ಕವಾಟಗಳ ಬೆನ್ನನ್ನು ಪೆಟ್ರೋಲು ತೊಳೆಯದ ಕಾರಣ, ಅಲ್ಲಿ ಕ್ರಮೇಣ ಮಸಿ ಕಟ್ಟುತ್ತದೆ. ಎರಡು ಕ್ಲಚ್ಚುಗಳ ಪೆಟ್ಟಿಗೆಯಲ್ಲಿ ಒಂದು ಕ್ಲಚ್ಚು ಬೆಸ ಗೇರುಗಳಿಗೆ, ಇನ್ನೊಂದು ಸಮ ಗೇರುಗಳಿಗೆ. ಒಂದು ಕೆಲಸ ಮಾಡುತ್ತಿರುವಾಗಲೇ ಇನ್ನೊಂದು ಸಿದ್ಧವಾಗಿ ನಿಂತಿರುತ್ತದೆ. ಆದುದರಿಂದ ಗೇರು ಬದಲಾದುದೇ ತಿಳಿಯುವುದಿಲ್ಲ. ಆದರೆ ಎಣ್ಣೆಯಲ್ಲಿ ಮುಳುಗದ ಒಣ ಕ್ಲಚ್ಚುಗಳಾದರೆ, ಪೇಟೆಯ ಜನಸಂದಣಿಯಲ್ಲಿ ಅಂಗುಲ ಅಂಗುಲವಾಗಿ ತೆವಳುವಾಗ ಕಾದು ಸವೆಯುತ್ತವೆ. 2013ರ ನವೆಂಬರಿನಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಸಂಸ್ಥೆಯು ಇಂಥ ಏಳು ಗೇರುಗಳ ಪೆಟ್ಟಿಗೆಯುಳ್ಳ ಸುಮಾರು 16 ಲಕ್ಷ ವಾಹನಗಳನ್ನು ಹಿಂದಕ್ಕೆ ಕರೆಯಿಸಿ, ಪೆಟ್ಟಿಗೆಯಲ್ಲಿದ್ದ ಕೃತಕ ಎಣ್ಣೆಗೆ ಬದಲಾಗಿ ಖನಿಜ ಎಣ್ಣೆಯನ್ನು ಹಾಕಿಸಬೇಕಾಯಿತು. ಸೆಕೆಯ ದೇಶಗಳಲ್ಲಿ ಹಳೆಯ ಎಣ್ಣೆಯು ವಿದ್ಯುತ್ತಿನ ತೊಂದರೆಗೆ ಕಾರಣವಾಗುತ್ತಿದ್ದಿತು. ಇದರಿಂದ ಅಂಥ ಗಾಡಿಗಳೆಲ್ಲವೂ ಕೆಟ್ಟವೆಂದು ಅರ್ಥವಲ್ಲ. ಸೂಕ್ಷ್ಮವಾದ ಯಂತ್ರವು ಸೂಕ್ಷ್ಮವಾದ ಉಪಚಾರವನ್ನು ಬೇಡುತ್ತದೆ. ಅದು ಕೆಟ್ಟರೆ ರಿಪೇರಿಯ ಖರ್ಚು ಲಕ್ಷ ರೂಪಾಯಿಯನ್ನು ದಾಟುವುದೂ ಉಂಟು.

ವೇಗದ ಗಾಡಿ ಯಾವಾಗಲೂ ದುರ್ಬಲ, ನಂಬಬಹುದಾದ ಗಾಡಿ ಯಾವಾಗಲೂ ನೀರಸ ಎಂದುಕೊಳ್ಳುವುದೂ ತಪ್ಪು. ಜಪಾನಿನ ಮಾಜ್ದಾ ಸಂಸ್ಥೆಯೊಂದೇ ಇದಕ್ಕೆ ಎರಡು ಉದಾಹರಣೆಗಳನ್ನು ಕೊಟ್ಟಿದೆ. 2003ರಿಂದ 2012ರವರೆಗೆ ಅದು ಆರ್‌ಎಕ್ಸ್-8 ಎಂಬ ಗಾಡಿಯನ್ನು ಮಾಡಿತು. ಅದರಲ್ಲಿ ಪಿಸ್ಟನ್ನುಗಳೇ ಇಲ್ಲ. ಮೂರು ಮೂಲೆಯ ಎರಡು ತಿರುಗಣಿಗಳು ಸುತ್ತುತ್ತವೆ. ನಿಮಿಷಕ್ಕೆ ಒಂಬತ್ತು ಸಾವಿರ ಸುತ್ತುಗಳವರೆಗೆ ಹಾಡಿಕೊಂಡು ಹೋಗುವ ಆ ಯಂತ್ರವನ್ನು ಮೆಚ್ಚದವರಿಲ್ಲ. ಆದರೆ ತಿರುಗಣಿಯ ತುದಿಗಳಲ್ಲಿರುವ ಮುಚ್ಚಿಗೆಗಳು ಸವೆದರೆ ಒತ್ತಡವು ಸೋರಿ ಯಂತ್ರವನ್ನೇ ಬಿಚ್ಚಿ ಕಟ್ಟಬೇಕಾಗುತ್ತದೆ. ಅದೇ ಸಂಸ್ಥೆಯು 1989ರಲ್ಲಿ ಹೊರತಂದ ಎಂಎಕ್ಸ್-5 ಎಂಬುದು ಒಂದು ಟನ್ನಿಗಿಂತಲೂ ಹಗುರವಾದ, ಸಾಮಾನ್ಯವಾದ ನಾಲ್ಕು ಸಿಲಿಂಡರುಗಳ ಪುಟ್ಟ ಗಾಡಿ. ಅದರ ಶಕ್ತಿ ದೊಡ್ಡದಲ್ಲ. ಆದರೂ ಹಗುರತನದಿಂದಲೂ ಕೈಗೆ ಒಗ್ಗುವ ಗುಣದಿಂದಲೂ ಸಂತೋಷವನ್ನು ಕೊಟ್ಟಿತು. ತಲೆಮಾರು ತಲೆಮಾರಾಗಿ ಬೆಳೆದು 2016ರಲ್ಲಿ ಅದರ ಹತ್ತು ಲಕ್ಷದ ಗಾಡಿ ಸಿದ್ಧವಾಯಿತು. ಕುದುರೆಶಕ್ತಿಯ ಅಂಕಿಯಿಂದ ಮಾತ್ರವೇ ಸವಾರಿಯ ಸುಖವನ್ನು ಅಳೆಯಲಾಗದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮುಂದಿನ ಭಾನುವಾರ, ಪರಿಚಯದ ಮೆಕ್ಯಾನಿಕ್ಕೊಬ್ಬರನ್ನು ಕರೆದುಕೊಂಡು ಗಾಡಿಗಳ ಪರೀಕ್ಷೆಗೆ ಹೊರಟೆವು. ಮೊದಲು ಕೆಂಪು ಗಾಡಿ. ನಾವು ಹೋಗುವ ಹೊತ್ತಿಗೆ ಅದರ ಬಾನೆಟ್ಟು ಆಗಲೇ ಬೆಚ್ಚಗಿತ್ತು. ತಣ್ಣಗಿರುವ ಯಂತ್ರವು ಏಳುವಾಗ ಮಾಡುವ ಸದ್ದು, ಬಿಡುವ ಹೊಗೆ ಇವುಗಳನ್ನು ಮರೆಮಾಡಬೇಕೆಂದಿರುವವರು ಹೀಗೆ ಮೊದಲೇ ನಡೆಯಿಸಿ ಇಡುವುದುಂಟು. ಸರ್ವೀಸಿನ ದಾಖಲೆಗಳು ಮೂರನೆಯ ವರ್ಷಕ್ಕೆ ನಿಂತುಹೋಗಿದ್ದುವು. ಯಜಮಾನರು ಮೂವರು ಬದಲಾಗಿದ್ದರು. ಯಂತ್ರದ ಗಣಕವನ್ನು ತಿದ್ದಿಸಿ ಶಕ್ತಿಯನ್ನು ಹೆಚ್ಚಿಸಿರುವುದಾಗಿ ಮಾರುವವನೇ ಹೆಮ್ಮೆಯಿಂದ ಹೇಳಿದನು. ಎಂದರೆ, ಮೊದಲೇ ಭಾರ ಹೊತ್ತ ಕ್ಲಚ್ಚಿನ ಮೇಲೆ ಇನ್ನಷ್ಟು ಭಾರ! ಹುಡುಗನ ಮುಖ ಬಾಡಿತು.

ನಾನು ಒಳಗೊಳಗೆ ಗೆದ್ದೆನೆಂದುಕೊಂಡು ಬೂದು ಗಾಡಿಯ ಕಡೆಗೆ ನಡೆದೆನು. ಅದು ಬಾಳಿಕೆಗೆ ಹೆಸರಾದ ಜಾತಿಯದು. ಮೆಕ್ಯಾನಿಕ್ಕಿನವರು ಸೀಟಿನ ಪಟ್ಟಿಯನ್ನು ಕೊನೆಯವರೆಗೂ ಎಳೆದು ತೋರಿಸಿದರು. ಪಟ್ಟಿಯ ಒಳತುದಿಯಲ್ಲಿ ಕೆಸರಿನ ಗೆರೆ. ಸೀಟಿನ ಕೆಳಗಿನ ಕಬ್ಬಿಣಕ್ಕೆ ತುಕ್ಕು. ನೆಲಹಾಸನ್ನು ಎತ್ತಿದರೆ ಮುಗ್ಗಲು ವಾಸನೆ. “ಮೇಷ್ಟ್ರೇ, ಇದು ನೀರಿನಲ್ಲಿ ನಿಂತ ಗಾಡಿ” ಎಂದರು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ಕಾರುಗಳು ನೀರಿನಲ್ಲಿ ಮುಳುಗಿದ್ದನ್ನು ಓದುಗರು ಮರೆತಿರಲಾರರು. ಈ ಗಾಡಿ ಎಂದು, ಎಲ್ಲಿ ಮುಳುಗಿತ್ತೋ ದೇವರೇ ಬಲ್ಲ. ಒಮ್ಮೆ ನೀರು ಹೊಕ್ಕ ತಂತಿಗಳು ಯಾವ ಹೊತ್ತಿನಲ್ಲಿ ಕೈಬಿಡುವುವೆಂದು ಯಾರೂ ಹೇಳಲಾರರು. ನಾನು ಒಂದು ವಾರದಿಂದ ಉಪದೇಶಿಸುತ್ತಿದ್ದ ಕ್ಷೇಮವು ಆ ಗಾಡಿಯ ಹೆಸರಿನಲ್ಲಿತ್ತೇ ಹೊರತು ಗಾಡಿಯಲ್ಲಿರಲಿಲ್ಲ. ಈ ಪಾಠವನ್ನು ಅಳಿಯನ ಎದುರಿನಲ್ಲಿ ಕಲಿಯಬೇಕಾಯಿತು.

ಮಹಾಭಾರತದ ನಲೋಪಾಖ್ಯಾನದಲ್ಲಿ, ಒಂದೇ ದಿನದಲ್ಲಿ ವಿದರ್ಭವನ್ನು ಸೇರಬೇಕೆಂದ ಋತುಪರ್ಣನಿಗೆ ಬಾಹುಕನ ವೇಷದಲ್ಲಿದ್ದ ನಳನು ಬಡಕಲು ಕುದುರೆಗಳನ್ನು ಆರಿಸುತ್ತಾನೆ. ಇವು ಅಷ್ಟು ದೂರ ಹೋದಾವೇ ಎಂದು ರಾಜನು ಸಂದೇಹಪಡುತ್ತಾನೆ. ನಳನು ನೋಡಿದ್ದುದು ಮೈಯ ಕೊಬ್ಬನ್ನಲ್ಲ, ದಾರಿಯನ್ನು ತಾಳುವ ಲಕ್ಷಣಗಳನ್ನು. ಅಂಥ ಕುದುರೆಯನ್ನು ಅಧ್ವಕ್ಷಮವೆನ್ನಬಹುದು. ಆ ಕುದುರೆಗಳು ನಿಧಾನದವೂ ಅಲ್ಲ. ರಾಜನೇ ಬೆರಗಾಗುವಷ್ಟು ವೇಗವಾಗಿ ಓಡಿದುವು. ತಾಳಿಕೆಯೂ ವೇಗವೂ ಒಂದೇ ಮೈಯಲ್ಲಿರಬಹುದು. ನೋಡಿ ಆರಿಸುವ ಕಣ್ಣು ಬೇಕು.

ಎರಡು ವಾರ ಹುಡುಕಿದ ಮೇಲೆ ಮೂರನೆಯ ಗಾಡಿಯೊಂದು ದೊರೆಯಿತು. ಬೂದು ಗಾಡಿಯ ಜಾತಿಯದೇ, ಬಿಳಿಯ ಬಣ್ಣ, 61 ಸಾವಿರ ಕಿಲೋಮೀಟರು ಓಡಿದುದು. ಅದರ ಯಜಮಾನರು ಬ್ಯಾಂಕಿನಿಂದ ನಿವೃತ್ತರಾದವರು. ಮೊದಲ ದಿನದಿಂದ ಎಲ್ಲ ರಸೀದಿಗಳನ್ನೂ ಪೋಣಿಸಿ ಇಟ್ಟಿದ್ದರು. ಬೆಳಿಗ್ಗೆ ಆರಕ್ಕೆ ಹೋಗಿ ತಣ್ಣಗಿದ್ದ ಯಂತ್ರವನ್ನು ಎಬ್ಬಿಸಿದೆವು, ಸದ್ದಿಲ್ಲ, ಹೊಗೆಯಿಲ್ಲ. ಟರ್ಬೋ ಇಲ್ಲದಿದ್ದರೂ ಆ ಯಂತ್ರವು ಮೇಲಿನ ಸುತ್ತುಗಳಲ್ಲಿ ಹುರುಪಿನಿಂದ ಓಡತಕ್ಕದ್ದು. 4 ಲಕ್ಷ 40 ಸಾವಿರಕ್ಕೆ ವ್ಯವಹಾರ ಮುಗಿಯಿತು. ಉಳಿದ 60 ಸಾವಿರದಲ್ಲಿ ನಾಲ್ಕು ಹೊಸ ಟಯರುಗಳನ್ನೂ ಬ್ರೇಕಿನ ಪ್ಯಾಡುಗಳನ್ನೂ ಹಾಕಿಸಿ, ಎಣ್ಣೆಗಳನ್ನು ಬದಲಾಯಿಸಿ, ಮಿಕ್ಕ ಹಣವನ್ನು ಮುಟ್ಟದೆ ಬ್ಯಾಂಕಿನಲ್ಲಿಡಲು ಹೇಳಿದೆನು.

ನಮ್ಮ ಓದುಗರಲ್ಲಿ ಯಾರಾದರೂ ಇಂಥ ವ್ಯಾಪಾರಕ್ಕೆ ಹೊರಡುವುದಾದರೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕೆಂದು ನನ್ನ ವಿಜ್ಞಾಪನೆ. ಗಾಡಿ ಕೆಟ್ಟು ನಿಂತ ದಿನ ಮನೆಯಲ್ಲಿ ಏನಾಗುತ್ತದೆ? ಮನೆಯಲ್ಲಿ ಇನ್ನೊಂದು ವಾಹನವಿದ್ದು, ರಿಪೇರಿಗೆ ಬೇರೆ ಹಣವಿರುವವನು ವೇಗದ ಗಾಡಿಯನ್ನು ಕೊಂಡರೆ ಅವನನ್ನು ದೂಷಿಸುವುದು ನ್ಯಾಯವಲ್ಲ. ಕೊಂಡ ಮೇಲೆ ಕೈಯಲ್ಲಿ ಎಷ್ಟು ಉಳಿಯುತ್ತದೆ? ಇದ್ದ ಹಣವನ್ನೆಲ್ಲ ಬೆಲೆಗೇ ಸುರಿದವನು ಮೊದಲನೆಯ ರಿಪೇರಿಗೆ ಸಾಲ ಮಾಡುತ್ತಾನೆ. ಮೂರನೆಯದು, ಈ ಗಾಡಿಯನ್ನು ಹಿಂದೆ ನೋಡಿಕೊಂಡವರು ಯಾರು? ಸಂಸ್ಥೆಯ ಹೆಸರಿಗಿಂತ ಇದಕ್ಕೆ ಹೆಚ್ಚು ಬೆಲೆ ಕೊಡಬೇಕು.

ಮೊನ್ನೆ ಭಾವನವರೊಡನೆ ನಾನೂ ಆ ಗಾಡಿಯಲ್ಲಿ ಹುಣಸೂರಿಗೆ ಹೊರಟೆನು. ಡಯಾಲಿಸಿಸ್ ಆದ ದಿನ ಅವರು ಬಹಳ ಬಳಲಿರುತ್ತಾರೆ, ಮಾತು ಕಡಮೆ. ನಾನು ಇದ್ದೇನೆಂದೋ ಏನೋ, ಹುಡುಗನು ಅತಿ ವಿನಯದಿಂದ, ಅಜ್ಜಿಯನ್ನು ಕೈಹಿಡಿದು ನಡೆಯಿಸುವಂತೆ ಗಾಡಿಯನ್ನು ನಡೆಯಿಸುತ್ತಿದ್ದನು. ಬಿಳಿಕೆರೆ ದಾಟಿದ ಮೇಲೆ ರಸ್ತೆ ಖಾಲಿಯಾಯಿತು. ಕಣ್ಣು ಮುಚ್ಚಿ ಒರಗಿದ್ದ ಭಾವನವರು ಕಣ್ಣು ತೆರೆಯದೆಯೇ, “ಲೋ, ರಸ್ತೆ ಚೆನ್ನಾಗಿದೆಯಲ್ಲೋ, ಸ್ವಲ್ಪ ಓಡಿಸೋ” ಎಂದರು.

ಹುಡುಗನು ಕನ್ನಡಿಯಲ್ಲಿ ನನ್ನ ಮುಖವನ್ನು ನೋಡಿದನು. ನಾನು ಕಿಟಕಿಯ ಹೊರಗೆ ನೋಡುತ್ತ ಕುಳಿತೆನು.