ಬೆನ್ನಿಗೂ ಕಣ್ಣು ಬೇಕು

1999ರ ಮೇ 28. ಕಾರ್ಗಿಲ್ ಯುದ್ಧದಲ್ಲಿ ತೊಲೊಲಿಂಗ್ ಶಿಖರದ ಮೇಲೆ ರಾಕೆಟ್ ದಾಳಿಗೆ ಹೋದ ವಾಯುಪಡೆಯ ಎಂಐ–17 ಹೆಲಿಕಾಪ್ಟರೊಂದು, ಹೆಗಲ ಮೇಲಿಟ್ಟು ಹಾರಿಸುವ ಸ್ಟಿಂಗರ್ ಕ್ಷಿಪಣಿಗೆ ತುತ್ತಾಯಿತು. ಒಳಗಿದ್ದ ನಾಲ್ವರೂ ಮರಳಲಿಲ್ಲ. ಕ್ಷಿಪಣಿಯ ದಾರಿ ತಪ್ಪಿಸಲು ಉರಿಯುವ ಫ್ಲೇರ್‌ಗಳನ್ನು ಸಿಡಿಸುವ ವ್ಯವಸ್ಥೆ ಆ ಹೆಲಿಕಾಪ್ಟರ್‌ನಲ್ಲಿ ಇರಲಿಲ್ಲ. ಹಿಂದಿನ ದಿನವಷ್ಟೇ ಸ್ಕ್ವಾಡ್ರನ್ ಲೀಡರ್ ಅಜಯ್ ಅಹುಜಾ ಅವರ ಮಿಗ್–21 ಇಂಥದೇ ಕ್ಷಿಪಣಿಗೆ ಬಲಿಯಾಗಿತ್ತು. ಅಪಾಯ ಗೊತ್ತಿದ್ದೂ ಬರಿಮೈಯಲ್ಲಿ ಕಳಿಸಿದೆವಲ್ಲ ಎಂಬ ಸಂಕಟ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ರಾಡಾರ್ ನೆರವಿನಿಂದ ಬರುವ ಕ್ಷಿಪಣಿಯಾದರೆ ಅದರ ಅಲೆ ತಾಗಿದ ಕೂಡಲೇ ವಿಮಾನಕ್ಕೆ ಸುಳಿವು ಸಿಗುತ್ತದೆ. ಹೆಗಲ ಮೇಲಿಂದ ಹಾರುವ ಈ ಕ್ಷಿಪಣಿ ಯಾವ ಅಲೆಯನ್ನೂ ಹೊರಡಿಸುವುದಿಲ್ಲ. ಎಂಜಿನ್ನಿನ ಬಿಸಿಯನ್ನೇ ನೋಡುತ್ತಾ ಬೆನ್ನಟ್ಟುತ್ತದೆ. ಅದೂ ಶಬ್ದದ ಎರಡು ಪಟ್ಟು ವೇಗದಲ್ಲಿ. ಮೂರು ಕಿಲೋಮೀಟರ್ ದೂರದಿಂದ ಹೊರಟರೆ ಪೈಲಟ್‌ಗೆ ಉಳಿಯುವುದು ಐದಾರು ಸೆಕೆಂಡು. ಅಷ್ಟರಲ್ಲಿ ಹೊಗೆ ಗುರುತಿಸಿ ಗುಂಡಿ ಒತ್ತುವುದು ಮನುಷ್ಯರಿಂದ ಆಗದ ಮಾತು.

ಅದಕ್ಕೇ ಕ್ಷಿಪಣಿ ಕಂಡೊಡನೆ ತಾನಾಗಿಯೇ ಫ್ಲೇರ್ ಸಿಡಿಯುವಂತೆ ವಿಮಾನದ ಸುತ್ತಲೂ ಸಂವೇದಕಗಳನ್ನು ಕೂರಿಸುತ್ತಾರೆ. ಒಂದು ಬಗೆಯದು ಕ್ಷಿಪಣಿಯ ಬೆಂಕಿಬಾಲದ ಅತಿನೇರಳೆ ಕಿರಣವನ್ನು ಹುಡುಕುತ್ತದೆ. ಸೂರ್ಯನಿಂದ ಬರುವ ಅದೇ ತರಂಗಾಂತರದ ಕಿರಣಗಳನ್ನು ಓಜೋನ್ ಪದರ ಮೇಲೆಯೇ ತಡೆಯುವುದರಿಂದ ಈ ಕಣ್ಣಿಗೆ ನಡುಹಗಲೂ ಕತ್ತಲೆ. ಕತ್ತಲಲ್ಲಿ ಗೀರಿದ ಬೆಂಕಿಕಡ್ಡಿಯಂತೆ ಕ್ಷಿಪಣಿ ಕಾಣುತ್ತದೆ. ಇನ್ನೊಂದು ಬಗೆಯದು ಅವಗೆಂಪಿನ ಎರಡು ಪಟ್ಟಿಗಳನ್ನು ಹೋಲಿಸಿ, ನೆಲದ ಬೆಂಕಿ ಯಾವುದು, ಕ್ಷಿಪಣಿ ಯಾವುದು ಎಂದು ಬೇರ್ಪಡಿಸುತ್ತದೆ. ಈ ವಿವೇಚನೆ ಮುಖ್ಯ. ಸುಳ್ಳು ಎಚ್ಚರಿಕೆಗೆಲ್ಲ ಫ್ಲೇರ್ ಸುರಿದರೆ ನಿಜವಾದ ಕ್ಷಿಪಣಿ ಬರುವ ಹೊತ್ತಿಗೆ ಕೈ ಖಾಲಿ.

ಇಂಥ ಎರಡು ಪಟ್ಟಿಯ ಸಂವೇದಕದ ಮೇಲೆ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಬೆಂಗಳೂರಿನ ಪ್ರಯೋಗಾಲಯ ‘ಡೇರ್’ ವರ್ಷಗಟ್ಟಲೆ ದುಡಿದಿದೆ. 2025ರ ಏಪ್ರಿಲ್‌ನಲ್ಲಿ ರಕ್ಷಣಾ ಸಚಿವಾಲಯ ಬೆಂಗಳೂರಿನ ಸರ್ಕಾರಿ ಕಂಪನಿ ಬಿಇಎಲ್ ಜೊತೆ 2,385 ಕೋಟಿ ರೂಪಾಯಿ ಒಪ್ಪಂದ ಮಾಡಿಕೊಂಡಿತು. ವಾಯುಪಡೆಯ ಎಂಐ–17 ವಿ5 ಹೆಲಿಕಾಪ್ಟರ್‌ಗಳಿಗೆ ಶತ್ರುದಾಳಿಯಿಂದ ಕಾಯುವ ಎಲೆಕ್ಟ್ರಾನಿಕ್ ಸಮರ ಸಲಕರಣೆ ಅಳವಡಿಸುವ ಕೆಲಸವದು. ದೊಡ್ಡ ಮೊತ್ತವೇ. ಆದರೆ ತರಬೇತಿ ಪಡೆದ ನಾಲ್ವರ ಜೀವದ ಮುಂದೆ ಈ ಲೆಕ್ಕ ಇಡುವವರ ಜೊತೆ ವಾದಿಸಲು ನನಗೆ ಮನಸ್ಸಿಲ್ಲ.

ಒಪ್ಪಂದ ಕಾಗದದಿಂದ ಹೆಲಿಕಾಪ್ಟರ್‌ನ ಮೈಮೇಲೆ ಬರುವುದು ತಡವಾಗಬಾರದು. ಎಷ್ಟು ಹೆಲಿಕಾಪ್ಟರ್‌ಗಳಿಗೆ ಅಳವಡಿಕೆ ಮುಗಿಯಿತು ಎಂದು ಸಂಸದರು ಪ್ರತಿ ಅಧಿವೇಶನದಲ್ಲೂ ಕೇಳಲಿ. ಬೆಂಗಳೂರಿನ ಸಂಸದರು ಮೊದಲು ಕೇಳಲಿ.