ಜಕ್ಕಾಯನ ಲೆಕ್ಕ

ಮಲ್ಕಾಜ್‌ಗಿರಿಯ ನಮ್ಮ ಓಣಿಯಲ್ಲಿ ಭಾನುವಾರದ ಬೆಳಗು ತೆಲುಗಿನ ಪ್ರಾರ್ಥನಾಗೀತೆಗಳಿಂದ ಆರಂಭವಾಗುತ್ತದೆ. ಆ ಪ್ರಾರ್ಥನೆಗೆ ಹೋಗುವವರಲ್ಲಿ ಬೀದರ ಜಿಲ್ಲೆಯಿಂದ ಬಂದು ನೆಲೆಸಿದ ಹೆಂಗಸೊಬ್ಬರಿದ್ದಾರೆ. ನಾಲ್ಕಾರು ಮನೆಗಳಲ್ಲಿ ಕೆಲಸ ಮಾಡಿ ಸಂಸಾರ ತೂಗಿಸುವ ಅವರು ನಮ್ಮೊಡನೆ ಮಾತನಾಡುವುದು ಕನ್ನಡದಲ್ಲಿ. ಪರಸ್ಥಳದಲ್ಲಿ ತಾಯ್ನುಡಿಯವರು ಸಿಕ್ಕರೆ ಮಾತು ತಾನಾಗಿಯೇ ಸುಖದುಃಖಗಳವರೆಗೆ ಹೋಗುತ್ತದೆ. ಕೆಲವು ವರ್ಷಗಳ ಹಿಂದೆ ಮಗಳ ಮದುವೆಗೆಂದು ಅವರು ಚೀಟಿ ಕಟ್ಟಿದ 60,000 ರೂಪಾಯಿ, ಚೀಟಿ ನಡೆಸುತ್ತಿದ್ದವನ ಕೈಯಲ್ಲಿ ಕರಗಿಹೋಯಿತು. ಆತ ಊರು ಬಿಟ್ಟು ಓಡಿದ. ಬಹುಕಾಲದ ಮೇಲೆ ಮರಳಿದ. ಈಗ ಕುಡಿತ ಬಿಟ್ಟಿದ್ದಾನೆ. ಕಳೆದ ಕ್ರಿಸ್‌ಮಸ್ಸಿನ ಹೊತ್ತಿಗೆ ಪ್ರಾರ್ಥನಾಕೂಟವೊಂದರಲ್ಲಿ ಎದ್ದು ನಿಂತು, ತನ್ನ ಪಾಪಗಳೆಲ್ಲ ಕ್ಷಮಿಸಲ್ಪಟ್ಟವೆಂದೂ ತಾನು ರಕ್ಷಣೆ ಹೊಂದಿದೆನೆಂದೂ ಕಣ್ಣೀರಿಡುತ್ತ ಸಾಕ್ಷಿ ಹೇಳಿದನಂತೆ. ಸೇರಿದವರೆಲ್ಲ ಸ್ತೋತ್ರ ಹೇಳಿದರು. ಹಿಂದಿನ ಸಾಲಿನಲ್ಲಿ ಈ ತಾಯಿಯೂ ಕುಳಿತಿದ್ದರು.

"ದೇವ್ರು ಅವಂಗ ಮಾಫ್ ಮಾಡಿರಬಹುದು. ಖರೆ ನನ್ನ ರೊಕ್ಕದ್ದು ಮಾತೇ ಬರ್ಲಿಲ್ಲಲ್ರಿ" ಎಂದು ಅವರು ನಮ್ಮಲ್ಲಿ ಹೇಳಿದಾಗ ದನಿಯಲ್ಲಿ ಸಿಟ್ಟಿರಲಿಲ್ಲ. ಅವರಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು: ನಡತೆ ನೆಟ್ಟಗಾಗದೆ ರಕ್ಷಣೆ ಆಗುತ್ತದೆಯೆ?

ನಾವು ಹುಟ್ಟಿನಿಂದ ಕ್ರೈಸ್ತರಲ್ಲ. ಇಂಗ್ಲಿಷ್ ಸಾಹಿತ್ಯವನ್ನು ಓದಿದವರಿಗೆ ಬೈಬಲ್ಲಿನ ಪರಿಚಯ ಅನಿವಾರ್ಯವಾಗಿ ಆಗುತ್ತದೆ. ನಮ್ಮ ಅಧಿಕಾರ ಅಷ್ಟಕ್ಕೇ ಸೀಮಿತ. ಆದರೂ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಅದು ಎರಡು ಸಾವಿರ ವರ್ಷಗಳಿಂದ ಕ್ರೈಸ್ತ ಸಭೆಗಳನ್ನೂ ಬಿಟ್ಟಿಲ್ಲ.

ಮೊದಲ ತೊಡಕು ನಮ್ಮ ಭಾಷೆಯಲ್ಲಿಯೇ ಇದೆ. ಕನ್ನಡ ಬೈಬಲ್ಲಿನಲ್ಲಿ ಪದೇ ಪದೇ ಬರುವ ಒಂದು ಪದ 'ನೀತಿವಂತ'. ನಮ್ಮ ಆಡುಮಾತಿನಲ್ಲಿ ನೀತಿವಂತನೆಂದರೆ ಒಳ್ಳೆಯ ನಡತೆಯವನು, ಪರರ ಕಾಸಿಗೆ ಕೈಚಾಚದವನು. ಸಂತ ಪೌಲನ ಪತ್ರಗಳಲ್ಲಿ ಅದೇ ಪದಕ್ಕೆ ನ್ಯಾಯಾಲಯದ ಛಾಯೆಯಿದೆ: ದೇವರು ಯಾರನ್ನು ನಿರ್ದೋಷಿಯೆಂದು ಎಣಿಸಿ ಬಿಡುಗಡೆ ಮಾಡುತ್ತಾನೋ ಅವನು ನೀತಿವಂತ. ಆ ಎಣಿಕೆ ಆರೋಪಿಯ ಯೋಗ್ಯತೆಯಿಂದ ಬರುವುದಿಲ್ಲ, ಕೃಪೆಯಿಂದ ಬರುತ್ತದೆ. ನಂಬಿಕೆ ಅದನ್ನು ಸ್ವೀಕರಿಸುವ ಕೈ. ಕನ್ನಡದ ಓದುಗ ಈ ಎರಡು ಅರ್ಥಗಳನ್ನೂ ಒಂದೇ ಪದದಲ್ಲಿ ಕೇಳಿಸಿಕೊಳ್ಳುತ್ತಾನೆ. ಚೀಟಿಯವನು ಎರಡನೆಯ ಅರ್ಥದಲ್ಲಿ ನೀತಿವಂತನಾದೆನೆಂದ. ಹಿಂದಿನ ಸಾಲಿನ ಹೆಂಗಸು ಮೊದಲನೆಯ ಅರ್ಥವನ್ನು ಹುಡುಕುತ್ತಿದ್ದರು.

ಬೈಬಲ್ಲಿನೊಳಗೇ ಈ ಎಳೆದಾಟವಿದೆ. ಧರ್ಮನಿಯಮದ ಕ್ರಿಯೆಗಳಿಲ್ಲದೆ ನಂಬಿಕೆಯಿಂದಲೇ ಮನುಷ್ಯನು ನೀತಿವಂತನೆಂದು ನಿರ್ಣಯಿಸಲ್ಪಡುತ್ತಾನೆ ಎಂಬುದು ರೋಮಾಪುರದವರಿಗೆ ಪೌಲನು ಬರೆದ ಪತ್ರದ ಸಾರ. ಕ್ರಿಯೆಗಳಿಲ್ಲದ ನಂಬಿಕೆ ಸತ್ತದ್ದೆಂಬುದು ಯಾಕೋಬನ ಪತ್ರದ ವಾದ. ಬಟ್ಟೆಯೂ ಊಟವೂ ಇಲ್ಲದವನಿಗೆ ಬರಿಯ ಹಾರೈಕೆಯನ್ನು ಕೊಟ್ಟು ಕಳುಹಿಸುವುದರಿಂದ ಏನು ಪ್ರಯೋಜನವೆಂದು ಆತ ಕೇಳುತ್ತಾನೆ. 1522ರಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದ ಮಾರ್ಟಿನ್ ಲೂಥರ್, ಪೌಲನ ಆ ವಾಕ್ಯದಲ್ಲಿ ಮೂಲದಲ್ಲಿಲ್ಲದ 'ಮಾತ್ರ' ಎಂಬ ಪದವನ್ನು ಸೇರಿಸಿದ. ಯಾಕೋಬನ ಪತ್ರವನ್ನು ಹುಲ್ಲಿನ ಪತ್ರವೆಂದು ಕರೆದ. 1547ರಲ್ಲಿ ಟ್ರೆಂಟ್ ನಗರದ ಮಹಾಸಭೆಯಲ್ಲಿ ಕಥೋಲಿಕ ಸಭೆ ಇದಕ್ಕೆ ಪ್ರತ್ಯುತ್ತರ ಕೊಟ್ಟಿತು. ಯೂರೋಪು ಎರಡಾಗಿ ಒಡೆಯಲು ಕಾರಣವಾದ ಸಂಗತಿಗಳಲ್ಲಿ ಈ ವಿವಾದವೂ ಒಂದು.

ಆದರೆ ಎರಡೂ ಪಕ್ಷದವರು ಬರೆದದ್ದನ್ನು ಶಾಂತವಾಗಿ ಓದಿದರೆ, ಬೀದಿಯಲ್ಲಿ ಕೇಳಿಬರುವಷ್ಟು ದೂರದ ಅಂತರ ಕಾಣುವುದಿಲ್ಲ. ಮೊದಲ ಕೃಪೆಯನ್ನು ಯಾವ ಸತ್ಕ್ರಿಯೆಯಿಂದಲೂ ಸಂಪಾದಿಸಲಾಗದೆಂದು ಟ್ರೆಂಟ್ ಸಭೆಯೂ ಒಪ್ಪಿತ್ತು. ರೋಮಾಪುರದವರಿಗೆ ಬರೆದ ಪತ್ರಕ್ಕೆ ಪೀಠಿಕೆ ಬರೆಯುತ್ತ ಲೂಥರನೂ, ಬೆಂಕಿಯಿಂದ ಕಾವನ್ನೂ ಬೆಳಕನ್ನೂ ಬೇರ್ಪಡಿಸಲಾಗದಂತೆ ನಂಬಿಕೆಯಿಂದ ಸತ್ಕ್ರಿಯೆಯನ್ನು ಬೇರ್ಪಡಿಸಲಾಗದು ಎಂಬರ್ಥದ ಮಾತನ್ನಾಡಿದ್ದಾನೆ. ಕೊನೆಗೆ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಲೂಥರನ್ ವಿಶ್ವ ಒಕ್ಕೂಟವೂ ಕಥೋಲಿಕ ಸಭೆಯೂ ಜಂಟಿ ಘೋಷಣೆಗೆ ಸಹಿ ಹಾಕಿದವು. 2006ರಲ್ಲಿ ಮೆಥಡಿಸ್ಟರೂ 2017ರಲ್ಲಿ ರಿಫಾರ್ಮ್ಡ್ ಸಭೆಗಳೂ ಅದರೊಡನೆ ಸೇರಿಕೊಂಡವು. ಘೋಷಣೆಯ ತಿರುಳು ಇಷ್ಟೆ: ಸ್ವೀಕಾರ ಸಿಗುವುದು ಕೃಪೆಯಿಂದ, ಸತ್ಕ್ರಿಯೆಗಳು ಅದರ ಫಲ.

ಫಲವೆಂದರೆ ಸಾಕೆ? ಫಲ ಬಿಡದ ಮರವನ್ನು ಏನೆನ್ನಬೇಕು? ಇಲ್ಲಿ ನಮಗೆ ಜಾನ್ ನ್ಯೂಟನ್‌ನ ನೆನಪಾಗುತ್ತದೆ. ಕವಿ ಕೂಪರ್‌ನ ಗೆಳೆಯನಾಗಿ ಅವನು ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಗಳಿಗೆ ಪರಿಚಿತ. 1748ರಲ್ಲಿ ಕಡಲ ಬಿರುಗಾಳಿಯಲ್ಲಿ ಹಡಗು ಮುಳುಗುವಂತಿದ್ದಾಗ ಅವನಿಗೆ ಮನಃಪರಿವರ್ತನೆಯಾಯಿತು. ಆದರೆ ಅದಾದ ಮೇಲೆಯೂ ಅವನು 1754ರವರೆಗೆ ಗುಲಾಮರನ್ನು ಸಾಗಿಸುವ ಹಡಗುಗಳಲ್ಲಿ ದುಡಿದ, ಅವುಗಳ ಕಪ್ತಾನನೂ ಆದ. ಡೆಕ್ಕಿನ ಮೇಲೆ ಪ್ರಾರ್ಥನೆ, ಕೆಳಗೆ ಸರಪಳಿ. ಆಮೇಲೆ ಪಾದ್ರಿಯಾದ, ಇಂದು ಜಗತ್ತೆಲ್ಲ ಹಾಡುವ 'ಅಮೇಜಿಂಗ್ ಗ್ರೇಸ್' ಗೀತೆಯನ್ನು ಬರೆದ. ಆ ವ್ಯಾಪಾರವನ್ನು ಬಹಿರಂಗವಾಗಿ ಖಂಡಿಸಿ, ತನ್ನ ಪಾಲನ್ನು ಒಪ್ಪಿಕೊಂಡು ಪುಸ್ತಿಕೆ ಪ್ರಕಟಿಸಿದ್ದು 1788ರಲ್ಲಿ. ಬಿರುಗಾಳಿಗೂ ಪುಸ್ತಿಕೆಗೂ ನಡುವೆ 40 ವರ್ಷ. ಅವನಿಗೆ ರಕ್ಷಣೆ ಯಾವಾಗ ಆಯಿತೆಂದು ಹೇಳುವವರು ನಾವಲ್ಲ. ಆದರೆ ಹಡಗಿನ ತಳದಲ್ಲಿದ್ದವರಿಗೆ ಅವನ ರಕ್ಷಣೆಯಿಂದ ಏನಾಯಿತೆಂದು ಕೇಳುವ ಹಕ್ಕು ಇದೆ. ನಮ್ಮ ಓಣಿಯ ತಾಯಿ ಕೇಳಿದ್ದೂ ಅದೇ ಹಕ್ಕಿನಿಂದ.

ಇದಕ್ಕೆ ಎದುರು ನಿಲ್ಲುವ ವಾದವೂ ದುರ್ಬಲವಾದುದಲ್ಲ. ಸನ್ನಡತೆಯನ್ನು ರಕ್ಷಣೆಗೆ ಷರತ್ತಾಗಿಟ್ಟರೆ ಆ ನಡತೆಯನ್ನು ಅಳೆಯುವವರು ಯಾರು? ಈ ತೊಡಕನ್ನು ನಮ್ಮ ನಾಡೂ ಕಂಡಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ನಂಬಿಕೆಯಿಂದಲೇ ರಕ್ಷಣೆಯೆಂದು ಬೋಧಿಸಿದವರು. ಜೊತೆಗೇ ಭಕ್ತಿಪಂಥದ ಶಿಸ್ತಿನಲ್ಲಿ ಬೆಳೆದವರಾದ್ದರಿಂದ ಸಭೆಯ ಸದಸ್ಯರ ನಡತೆಯ ಮೇಲೆ ಕಟ್ಟುನಿಟ್ಟಾಗಿ ಕಣ್ಣಿಟ್ಟವರು. ಮತಾಂತರವಾದವರನ್ನು ಕುಲದವರು ಹೊರಹಾಕಿದಾಗ ಅವರ ಹೊಟ್ಟೆಪಾಡಿಗಾಗಿ ನೇಯ್ಗೆಯ ಕಾರ್ಖಾನೆಗಳನ್ನೂ 1865ರಿಂದ ಹೆಂಚಿನ ಕಾರ್ಖಾನೆಗಳನ್ನೂ ನಡೆಸಿದರು. ಕೂಲಿ ಕೊಡುವ ಕೈಯೂ ನಡತೆಯನ್ನು ಪರೀಕ್ಷಿಸುವ ಕಣ್ಣೂ ಒಂದೇ ಆದಾಗ, ಸದ್ವರ್ತನೆ ದೇವರ ಭಯದಿಂದ ಬಂದದ್ದೋ ಧಣಿಯ ಭಯದಿಂದ ಬಂದದ್ದೋ ಹೇಳುವುದು ಕಷ್ಟ. ಕೃಪೆಯನ್ನು ಮೊದಲಿಟ್ಟವರು ಈ ಅಪಾಯವನ್ನು ಚೆನ್ನಾಗಿ ಅರಿತಿದ್ದರು. ಮೇಲಾಗಿ, ಸಾಯುವ ಘಳಿಗೆಯಲ್ಲಿ ಪಶ್ಚಾತ್ತಾಪಪಟ್ಟವನಿಗೆ ನೆಟ್ಟಗೆ ಬಾಳಲು ಸಮಯವೆಲ್ಲಿ? ಯೇಸುವಿನ ಪಕ್ಕದ ಶಿಲುಬೆಯಲ್ಲಿದ್ದ ಕಳ್ಳನಿಗೆ ಅದೇ ದಿನ ಪರಲೋಕ ದೊರೆಯಿತಲ್ಲ?

ಆ ಕಳ್ಳನ ಪ್ರಸಂಗವನ್ನು ನಿಧಾನವಾಗಿ ಓದಬೇಕು. ಕೈಕಾಲುಗಳಿಗೆ ಮೊಳೆ ಬಿದ್ದಿದ್ದಾಗ ಅವನಿಗೆ ಉಳಿದಿದ್ದದ್ದು ನಾಲಗೆಯೊಂದೇ. ಅದರಿಂದ ಅವನು ಮೂರು ಕೆಲಸ ಮಾಡಿದ: ನಿರಪರಾಧಿಯನ್ನು ಹಂಗಿಸುತ್ತಿದ್ದವನನ್ನು ಗದರಿಸಿದ, ತನಗೆ ಆದ ಶಿಕ್ಷೆ ನ್ಯಾಯವೆಂದು ಒಪ್ಪಿದ, ಪಕ್ಕದವನು ತಪ್ಪು ಮಾಡಿಲ್ಲವೆಂದು ಎಲ್ಲರೆದುರು ಹೇಳಿದ. ಉಳಿದಿದ್ದ ಕೆಲವೇ ಘಳಿಗೆಗಳಲ್ಲಿ ತನ್ನಿಂದ ಸಾಧ್ಯವಿದ್ದ ನೀತಿಯನ್ನೆಲ್ಲ ಅವನು ಬಾಳಿದ. ನಮ್ಮ ಅಜಾಮಿಳನ ಕಥೆಯಲ್ಲೂ ಇಂಥದೇ ಸೂಕ್ಷ್ಮವಿದೆ. ಸಾಯುವಾಗ ಮಗನನ್ನು 'ನಾರಾಯಣ' ಎಂದು ಕರೆದದ್ದಕ್ಕೇ ವೈಕುಂಠ ಸಿಕ್ಕಿತೆಂದು ನಾವು ಹೇಳಿಕೊಳ್ಳುತ್ತೇವೆ. ಭಾಗವತದಲ್ಲಿ ಕಥೆ ಅಷ್ಟಕ್ಕೆ ಮುಗಿಯುವುದಿಲ್ಲ. ಯಮದೂತರು ಹಿಂದಿರುಗಿದ ಮೇಲೆ ಅಜಾಮಿಳ ಬದುಕಿಯೇ ಇರುತ್ತಾನೆ. ತಾನು ಕೈಬಿಟ್ಟ ತಂದೆತಾಯಿಯರನ್ನೂ ಹೆಂಡತಿಯನ್ನೂ ನೆನೆದು ಕೊರಗುತ್ತಾನೆ, ಗಂಗಾದ್ವಾರಕ್ಕೆ ಹೋಗಿ ಸಾಧನೆ ಮಾಡುತ್ತಾನೆ, ವೈಕುಂಠ ಅದರ ಅನಂತರ. ಈ ಉತ್ತರಾರ್ಧವನ್ನು ನಾವು ಅನುಕೂಲಕ್ಕೆ ತಕ್ಕಂತೆ ಮರೆತಿದ್ದೇವೆ.

ಕೃಪೆ ಮೊದಲೋ ಪ್ರಯತ್ನ ಮೊದಲೋ ಎಂಬ ಚರ್ಚೆ ಶ್ರೀವೈಷ್ಣವರಲ್ಲಿಯೂ ನಡೆದದ್ದು ಎಲ್ಲರಿಗೂ ತಿಳಿದಿದೆ. ತಾಯಿಯನ್ನು ತಾನೇ ಅಪ್ಪಿ ಹಿಡಿಯಬೇಕಾದ ಕೋತಿಮರಿ ಒಂದು ಪಕ್ಷ. ತಾಯಿ ಬಾಯಲ್ಲಿ ಕಚ್ಚಿಕೊಂಡು ಹೋಗುವ ಬೆಕ್ಕಿನಮರಿ ಇನ್ನೊಂದು ಪಕ್ಷ. ನಮಗೆ ಬೆಕ್ಕಿನಮರಿಯ ಪಕ್ಷವೇ ಹೆಚ್ಚು ಸತ್ಯವೆಂದು ತೋರುತ್ತದೆ. ಮನುಷ್ಯನ ಹಿಡಿತ ಎಷ್ಟು ಸಡಿಲವೆಂಬುದು ನಲವತ್ತು ದಾಟಿದ ಯಾರಿಗಾದರೂ ಗೊತ್ತು. ಆದರೆ ಬೆಕ್ಕು ಮರಿಯನ್ನು ಕಚ್ಚಿಕೊಂಡಾಗ ಮರಿ ಇದ್ದಲ್ಲಿಯೇ ಉಳಿಯುವುದಿಲ್ಲ, ಇನ್ನೊಂದು ಎಡೆಗೆ ಹೋಗಿ ಸೇರುತ್ತದೆ. ತನ್ನನ್ನು ಎತ್ತಿಕೊಂಡರೆಂದು ಸಾರುವವನು ನಿಂತಲ್ಲಿಯೇ ನಿಂತಿದ್ದರೆ ನೋಡುವವರಿಗೆ ಸಂದೇಹ ಬರುವುದು ಸಹಜ.

ಸರ್ಕಾರಿ ನೌಕರರಾದ ನಮಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಹತ್ತಿರದವನು ಲೂಕನ ಸುವಾರ್ತೆಯ ಜಕ್ಕಾಯ. ಯೆರಿಕೋ ಪಟ್ಟಣದ ಸುಂಕದವರ ಮುಖ್ಯಸ್ಥ. ರೋಮ್ ಸರ್ಕಾರದ ಪರವಾಗಿ ವಸೂಲಿ ಮಾಡುವವನು, ಶ್ರೀಮಂತ, ಊರವರಿಗೆ ಬೇಡವಾದವನು. ಕುಳ್ಳನಾದ್ದರಿಂದ ಯೇಸುವನ್ನು ನೋಡಲು ಮರವೇರಿ ಕುಳಿತಿದ್ದ. ಯೇಸು ಅವನನ್ನು ಹೆಸರು ಹಿಡಿದು ಕರೆದು, ಈ ಹೊತ್ತು ನಿನ್ನ ಮನೆಯಲ್ಲೇ ಇಳಿದುಕೊಳ್ಳುತ್ತೇನೆಂದ. ಅಷ್ಟರಲ್ಲಿ ಜಕ್ಕಾಯ ಯಾವ ಒಳ್ಳೆಯ ಕೆಲಸವನ್ನು ಮಾಡಿದ್ದಾಗಲಿ, ಅವನಿಗೆ ಯಾವ ಷರತ್ತನ್ನು ಹಾಕಿದ್ದಾಗಲಿ ಕಥೆಯಲ್ಲಿಲ್ಲ. ಕೃಪೆ ಮೊದಲು ಬಂತು. ಆಮೇಲೆ ಅವನು ಎದ್ದು ನಿಂತು, ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವುದಾಗಿಯೂ, ಅನ್ಯಾಯವಾಗಿ ಕಿತ್ತುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುವುದಾಗಿಯೂ ಹೇಳಿದ. ಈ ಮನೆಗೆ ಇಂದು ರಕ್ಷಣೆಯಾಯಿತೆಂಬ ಮಾತು ಯೇಸುವಿನ ಬಾಯಿಂದ ಬಂದದ್ದು ಆ ಬಳಿಕ. ಅತಿಥಿ ಮನೆಗೆ ಬಂದದ್ದು ಲೆಕ್ಕ ಚುಕ್ತಾ ಆದದ್ದಕ್ಕಲ್ಲ. ಆದರೆ ಅತಿಥಿ ಬಂದ ಮೇಲೆ ಲೆಕ್ಕದ ಪುಸ್ತಕ ತೆರೆಯದೆ ಇರಲಿಲ್ಲ.

ನಮ್ಮ ಅಭಿಪ್ರಾಯ ಈ ಕ್ರಮದಲ್ಲಿಯೇ ಇದೆ. ನೀತಿಯ ಬಾಳು ರಕ್ಷಣೆಯ ಬೆಲೆಯಲ್ಲ. ಹಾಗಾದರೆ ಬಡವರೂ ಬಲಹೀನರೂ ಅದನ್ನು ಎಂದಿಗೂ ಕೊಳ್ಳಲಾರರು. ಆದರೆ ಅನ್ಯಾಯಕ್ಕೆ ಒಳಗಾದವರ ಬಾಗಿಲನ್ನು ತಟ್ಟಲು ಹೊರಡದ ರಕ್ಷಣೆ ಇನ್ನೂ ಮನೆಗೆ ಬಂದಿಲ್ಲ. ಎಲ್ಲವನ್ನೂ ತೀರಿಸಲು ಎಲ್ಲರಿಗೂ ಆಗದಿರಬಹುದು. ತೀರಿಸಬೇಕೆಂಬ ಮಾತಾದರೂ ಬರಬೇಕು, ಮೊದಲ ಕಂತಾದರೂ ಕೈ ಸೇರಬೇಕು. ದೇವರಿಗೆ ಮಾಡಿದ ಅಪರಾಧವನ್ನು ದೇವರು ಮನ್ನಿಸಲಿ. ಆಕೆಯ 60,000 ರೂಪಾಯಿಯನ್ನು ಆಕೆಯ ಪರವಾಗಿ ಮನ್ನಾ ಮಾಡುವ ಅಧಿಕಾರ ಪ್ರಾರ್ಥನಾಕೂಟಕ್ಕಿಲ್ಲ. ಸಾಕ್ಷಿ ಹೇಳಲು ಎದ್ದವನನ್ನು ಹಿರಿಯರು ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು: ಯಾರಿಗೆ ಏನನ್ನು ಕೊಡುವುದಿದೆ?

ಇದನ್ನು ಬರೆಯುತ್ತಿರುವಾಗ ನಮ್ಮ ಮುಖಕ್ಕೂ ಕನ್ನಡಿ ಬರುತ್ತದೆ. ಲೂಥರ್ 1517ರಲ್ಲಿ ತನ್ನ 95 ಪ್ರಮೇಯಗಳನ್ನು ಮುಂದಿಟ್ಟದ್ದೂ ಅಕ್ಟೋಬರ್ 31ರಂದೇ. ಆ ತಾರೀಖು ಬರುವ ವಾರದಲ್ಲಿ, ಸರ್ದಾರ್ ಪಟೇಲರ ಜಯಂತಿಯ ನಿಮಿತ್ತ, ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಜಾಗೃತಿ ಸಪ್ತಾಹ ನಡೆಯುತ್ತದೆ. ನಾವೆಲ್ಲ ಸಾಲಾಗಿ ನಿಂತು ಪ್ರಾಮಾಣಿಕತೆಯ ಪ್ರತಿಜ್ಞೆ ಓದುತ್ತೇವೆ, ಓದಿ ಚಹಾ ಕುಡಿಯುತ್ತೇವೆ. ಅನ್ಯಾಯದ ಸಂಪಾದನೆಯಲ್ಲಿ ಒಂದು ಪಾಲನ್ನು ದೇವಸ್ಥಾನದ ಹುಂಡಿಗೆ ಹಾಕಿ ಹಗುರಾಗುವವರೂ ನಮ್ಮ ಸುತ್ತಲೇ ಇದ್ದಾರೆ. ಚೀಟಿಯವನ ಸಾಕ್ಷಿಗೂ ಈ ಪ್ರತಿಜ್ಞೆಗೂ ಆ ಹುಂಡಿಗೂ ನಡುವೆ ಹೆಚ್ಚಿನ ದೂರವಿಲ್ಲ.

ಆ ತಾಯಿಗೆ ನಾವು ಜಕ್ಕಾಯನ ಕಥೆಯನ್ನು ನೆನಪಿಸಿದೆವು. ಅವರಿಗೆ ಅದು ಬಾಲ್ಯದಿಂದಲೇ ಬಾಯಿಪಾಠವಾಗಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವ್ನೂ ಓದಿರ್ತಾನ್ರಿ. ಮುಂದಿನ ವಾರ ನಾನೇ ಕೇಳ್ತೀನಿ" ಎಂದರು. ಪಾತ್ರೆಗಳನ್ನು ಬೋರಲು ಹಾಕಿ, ಸೆರಗಿಗೆ ಕೈ ಒರೆಸಿಕೊಂಡು ಮುಂದಿನ ಮನೆಗೆ ಹೊರಟರು.