ಒಬ್ಬನೇ ಗಿರಾಕಿಗೆ ಒತ್ತೆಯಿಟ್ಟ ಬೆಟ್ಟ

ಕುದುರೆಮುಖದ ಗಣಿ 2005ರ ಡಿಸೆಂಬರ್ 31ರಂದು ನಿಂತಿತು. ಗಣಿ ಮುಚ್ಚಿದರೂ ಅದರ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. 1975ರ ನವೆಂಬರಿನಲ್ಲಿ ಭಾರತ ಸರ್ಕಾರ ಇರಾನಿನ ಷಾ ಸರ್ಕಾರದ ಜೊತೆ ಮಾಡಿಕೊಂಡ ಒಪ್ಪಂದ ತಪ್ಪು ಒಪ್ಪಂದವಾಗಿತ್ತು ಎಂದು ಈ ಪತ್ರಿಕೆ ನೇರವಾಗಿಯೇ ಹೇಳುತ್ತದೆ. ಷಾ ಪದಚ್ಯುತನಾದ, ಕ್ರಾಂತಿಯಾಯಿತು, ಯುದ್ಧ ಬಂತು, ಇದನ್ನೆಲ್ಲ ಯಾರು ಊಹಿಸಿದ್ದರು ಎಂಬ ಸಮಜಾಯಿಷಿ ದಶಕಗಳಿಂದ ನಡೆದುಬಂದಿದೆ. ಆ ಸಮಜಾಯಿಷಿಯನ್ನು ಒಪ್ಪಲಾಗದು. ಸಹಿ ಬಿದ್ದ ದಿನವೇ ತಪ್ಪು ನಡೆದುಹೋಗಿತ್ತು.

ಒಪ್ಪಂದದಲ್ಲಿ ಇದ್ದದ್ದು ಇಷ್ಟು. ಇರಾನ್ 63 ಕೋಟಿ ಡಾಲರ್ ಸಾಲ ಕೊಡುವುದು. ಅದಕ್ಕೆ ಪ್ರತಿಯಾಗಿ 21 ವರ್ಷಗಳಲ್ಲಿ 15 ಕೋಟಿ ಟನ್ ಅದಿರಿನ ಸಾರವನ್ನು ಕುದುರೆಮುಖ ಇರಾನಿಗೆ ಮಾರುವುದು. ಬೆಟ್ಟ ನಮ್ಮದು, ಹಣ ಅವರದು, ಗಿರಾಕಿಯೂ ಅವರೇ. ಅದು ತುರ್ತು ಪರಿಸ್ಥಿತಿಯ ಕಾಲ. ವಿರೋಧ ಪಕ್ಷದ ನಾಯಕರು ಜೈಲಿನಲ್ಲಿದ್ದರು, ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು. ಪಶ್ಚಿಮ ಘಟ್ಟದ ನೆತ್ತಿಯನ್ನು ಒಬ್ಬ ದೊರೆಯ ಖಜಾನೆಗೆ ಗಂಟು ಹಾಕುವುದು ಸರಿಯೇ ಎಂದು ಕೇಳುವವರ ಬಾಯಿಗೆ ಬೀಗ ಬಿದ್ದಿತ್ತು. 1976ರ ಏಪ್ರಿಲ್ 2ರಂದು ಗಣಿ ನಡೆಸುವ ಸರ್ಕಾರಿ ಕಂಪನಿ ಹುಟ್ಟಿತು. ಕೆಲಸ ಭರದಿಂದ ಸಾಗಿತು.

ಆ ಅದಿರಿನ ಗುಣವನ್ನೂ ತಿಳಿದಿರಬೇಕು. 1913ರಲ್ಲೇ ಭೂವಿಜ್ಞಾನಿ ಸಂಪತ್ ಅಯ್ಯಂಗಾರರು ಅದನ್ನು ಗುರುತಿಸಿದ್ದರು. ಅದರಲ್ಲಿ ಕಬ್ಬಿಣದ ಅಂಶ ಕಡಿಮೆ. ಕಲ್ಲನ್ನು ಒಡೆದು, ಹಿಟ್ಟಿನಷ್ಟು ನುಣ್ಣಗೆ ಅರೆದು, ಕಬ್ಬಿಣವಿರುವ ಪುಡಿಯನ್ನು ಬೇರ್ಪಡಿಸಬೇಕು. ಹಾಗೆ ಸಿಕ್ಕ ಕಪ್ಪು ಪುಡಿಯನ್ನು ನೀರಿನಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಕೊಳವೆಯಲ್ಲಿ ಘಟ್ಟ ಇಳಿಸಿ, ಪಣಂಬೂರಿನಲ್ಲಿ ನೀರು ಬಸಿದು ಹಡಗಿಗೆ ತುಂಬಬೇಕು. ಬಹುಪಾಲು ಕಲ್ಲು ಕೆಸರಾಗಿ ಬೆಟ್ಟದಲ್ಲೇ ಉಳಿಯುತ್ತದೆ. ಆ ಕೆಸರನ್ನು ಹಿಡಿದಿಡಲೆಂದೇ ಸುಮಾರು 100 ಮೀಟರ್ ಎತ್ತರದ ಲಕ್ಯಾ ಅಣೆಕಟ್ಟು ಕಟ್ಟಿದ್ದು. ಪುಡಿಯನ್ನು ಉಂಡೆ ಕಟ್ಟದೆ ಎಲ್ಲ ಕುಲುಮೆಗೂ ಹಾಕಲಾಗುವುದಿಲ್ಲ. ಅಂದರೆ ಬೆಟ್ಟವನ್ನು ಮಾತ್ರವಲ್ಲ, ಬೆಟ್ಟದಿಂದ ಬರುವ ಸರಕಿನ ರೂಪವನ್ನೂ ಒಬ್ಬನೇ ಗಿರಾಕಿಯ ಅನುಕೂಲಕ್ಕೆ ತಕ್ಕಂತೆ ಕತ್ತರಿಸಿಟ್ಟಿದ್ದರು.

ಗಿರಾಕಿಯ ಮನೆಯಲ್ಲಿ ಆಮೇಲೆ ಏನಾಯಿತು? 1979ರ ಜನವರಿಯಲ್ಲಿ ಷಾ ದೇಶ ಬಿಟ್ಟ. ಫೆಬ್ರವರಿಯಲ್ಲಿ ಖೊಮೇನಿ ಬಂದರು. ಜೂನಿನ ಹೊತ್ತಿಗೆ ಬ್ಯಾಂಕುಗಳು, ಜುಲೈಯಲ್ಲಿ ದೊಡ್ಡ ಕಾರ್ಖಾನೆಗಳು ಸರ್ಕಾರದ ಪಾಲಾದವು. ಕುದುರೆಮುಖಕ್ಕೆ ಬರಬೇಕಿದ್ದ ಸಾಲ 25.5 ಕೋಟಿ ಡಾಲರಿಗೆ ನಿಂತುಹೋಯಿತು. 1980ರ ಸೆಪ್ಟೆಂಬರ್ 22ರಂದು ಸದ್ದಾಂ ಹುಸೇನನ ಸೈನ್ಯ ಖುಜೆಸ್ತಾನಕ್ಕೆ ನುಗ್ಗಿತು. ಅದು ಇರಾನಿನ ತೈಲವೂ ಉಕ್ಕೂ ಇರುವ ಪ್ರಾಂತ. ಅಬಾದಾನಿನ ತೈಲ ಶುದ್ಧೀಕರಣಾಗಾರ ಹೊತ್ತಿ ಉರಿಯಿತು, ಖುರ್ರಮ್‌ಶಹರ್ ಬಂದರು ಶತ್ರುವಿನ ಕೈಸೇರಿ 1982ರ ಮೇ ತನಕ ಅಲ್ಲೇ ಉಳಿಯಿತು. ಸಕ್ಕರೆ, ಅಡುಗೆ ಎಣ್ಣೆ, ಮಾಂಸಕ್ಕೆಲ್ಲ ಕೂಪನ್ ಬಂತು. ಇಂಥ ನಂಬರಿನ ಕೂಪನ್‌ಗೆ ಇಂಥ ಸಾಮಾನು ಎಂಬ ಪ್ರಕಟಣೆ ಕೇಳಿ ಜನ ಚೀಲ ಹಿಡಿದು ಸರತಿ ನಿಲ್ಲುತ್ತಿದ್ದರು. ಕೂಪನ್ ಇಲ್ಲದೆ ಕೊಳ್ಳಬೇಕೆಂದರೆ ಕಾಳಸಂತೆ. ಖಾರ್ಗ್ ದ್ವೀಪದ ತೈಲ ಕಟ್ಟೆಗಳ ಮೇಲೆ ಬಾಂಬು ಬೀಳುತ್ತಿತ್ತು, 1984ರಿಂದ ಕೊಲ್ಲಿಯಲ್ಲಿ ಹಡಗುಗಳ ಮೇಲೇ ದಾಳಿ, 1986ರಲ್ಲಿ ತೈಲದ ಬೆಲೆಯೂ ಕುಸಿಯಿತು. 1988ರ ಆಗಸ್ಟಿನವರೆಗೆ ಎಂಟು ವರ್ಷ ಹೀಗೆ ಬದುಕಿದ ಜನರ ಮೇಲೆ ನಮಗೆ ದೂರಿಲ್ಲ. ಮಕ್ಕಳನ್ನು ರಣರಂಗಕ್ಕೆ ಕಳಿಸಿ ಎಣ್ಣೆಗೆ ಸರತಿ ನಿಂತವರಿಗೆ ಮಲೆನಾಡಿನ ಕಬ್ಬಿಣದ ಪುಡಿ ಕೊಳ್ಳುವ ಹಂಗು ಯಾಕಿರಬೇಕು?

ದೂರು ಇರುವುದು ದೆಹಲಿಯ ಮೇಲೆ. ಕುದುರೆಮುಖದ ಯಂತ್ರಗಳು ತಿರುಗಲು ಸಿದ್ಧವಾದದ್ದೂ ಅದೇ 1980ರಲ್ಲಿ. ಗಿರಾಕಿ ಕೈಬಿಟ್ಟ ಮೇಲೆ ಒಂದು ಕ್ಷಣ ನಿಂತು, ಈ ಬೆಟ್ಟವನ್ನು ಇನ್ನೂ ಅಗೆಯಬೇಕೇ ಎಂದು ಕೇಳಿಕೊಳ್ಳುವ ಅವಕಾಶವಿತ್ತು. ಕೇಳಲಿಲ್ಲ. ಹಾಕಿದ ದುಡ್ಡು ವಾಪಸು ಬರಬೇಕು ಎಂಬ ಒಂದೇ ಹಟದಲ್ಲಿ ಉಳಿದ ಖರ್ಚನ್ನು ನಮ್ಮ ಬೊಕ್ಕಸದಿಂದ ಭರಿಸಿದರು, ದೇಶದೇಶ ತಿರುಗಿ ಗಿರಾಕಿ ಹುಡುಕಿದರು, ಪುಡಿಯನ್ನು ಉಂಡೆ ಕಟ್ಟಲು 1987ರಲ್ಲಿ ಪಣಂಬೂರಿನಲ್ಲಿ ಇನ್ನೊಂದು ಕಾರ್ಖಾನೆ ತೆರೆದರು. ಇರಾನಿನ ಯುದ್ಧದ ನಷ್ಟವನ್ನು ಕಟ್ಟಿಕೊಟ್ಟದ್ದು ಭದ್ರಾ ನದಿ. ಪ್ರತಿ ಮಳೆಗಾಲ ಗಣಿಯ ಮಣ್ಣು ನದಿಗಿಳಿಯಿತು, ಕೆಳಗಿನ ತೋಟ ಗದ್ದೆಗಳವರು ಕೆಂಪು ನೀರು ಕಂಡರು. 1999ರಲ್ಲಿ ಗುತ್ತಿಗೆ ಮುಗಿದ ಮೇಲೂ ತಾತ್ಕಾಲಿಕ ಅನುಮತಿಯ ಹೆಸರಿನಲ್ಲಿ ಅಗೆತ ನಡೆಯಿತು. ಅದನ್ನು ನಿಲ್ಲಿಸಲು ಯಾವ ಸರ್ಕಾರಕ್ಕೂ ಮನಸ್ಸಾಗಲಿಲ್ಲ. ಕೆ.ಎಂ. ಚಿಣ್ಣಪ್ಪನವರಂಥ ಕಾಡಿನ ಮನುಷ್ಯರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. 2002ರ ಅಕ್ಟೋಬರ್ 30ರ ತೀರ್ಪು ಬರದೇ ಇದ್ದರೆ ಆ ಬೆಟ್ಟ ಇಂದಿಗೂ ಕರಗುತ್ತಲೇ ಇರುತ್ತಿತ್ತು.

ಸಾವಿರಾರು ಜನರಿಗೆ ಕೆಲಸ ಸಿಕ್ಕಿತು, ನವಮಂಗಳೂರು ಬಂದರು ಬೆಳೆಯಿತು ಎಂಬ ಮಾತು ಸುಳ್ಳಲ್ಲ. ಆದರೆ ಆ ಕೆಲಸವೂ ಬೆಟ್ಟದ ಜೊತೆಯೇ ಮುಗಿಯಿತು.

ಕುದುರೆಮುಖದ ನೀರು ಕರಾವಳಿಯ ನಮ್ಮ ಗುಲ್ವಾಡಿಗೆ ಹರಿಯುವುದಿಲ್ಲ, ನಮಗೇಕೆ ಈ ಕಥೆ ಎಂದು ಓದುಗರು ಕೇಳಬಹುದು. ಗುಲ್ವಾಡಿಯ ನೆರೆಯ ಬಸ್ರೂರಿಗೆ ಹೋಗಿ ಹಳೆಯ ಕೋಟೆ, ಕೆರೆ, ದೇವಸ್ಥಾನ ನೋಡಿದರೆ ಉತ್ತರ ಸಿಗುತ್ತದೆ. ಪರ್ಷಿಯನ್ನರ ನಾಡಿಗೂ ನಮ್ಮ ಹೊಳೆಗೂ ನೂರಾರು ವರ್ಷಗಳ ವ್ಯಾಪಾರವಿತ್ತು. ಹೊರ್ಮುಜ್ ಎಂಬುದು ಉಪ್ಪಿನ ಬರಡು ದ್ವೀಪ, ಅಲ್ಲಿ ಒಂದು ತೆನೆಯೂ ಬೆಳೆಯದು. ಅಲ್ಲಿನವರ ಊಟಕ್ಕೆ ಬಸ್ರೂರಿನ ಅಕ್ಕಿ ಹಡಗೇರುತ್ತಿತ್ತು, ಅಲ್ಲಿಂದ ಈ ಕರಾವಳಿಗೆ ಕುದುರೆ ಬರುತ್ತಿತ್ತು. 1622ರಲ್ಲಿ ಷಾ ಅಬ್ಬಾಸ್ ಇಂಗ್ಲಿಷರ ಹಡಗುಗಳ ನೆರವಿನಿಂದ ಪೋರ್ಚುಗೀಸರನ್ನು ಹೊರ್ಮುಜ್‌ನಿಂದ ಓಡಿಸಿದಾಗ ಆ ಪೇಟೆಯೇ ಮುರಿದುಬಿತ್ತು. ಕನ್ನಡ ಕರಾವಳಿಯ ಅಕ್ಕಿ ಮಸ್ಕತ್ತಿನ ದಾರಿ ಹಿಡಿಯಿತು. ಗಿರಾಕಿ ಹೋದರೆ ಇನ್ನೊಂದು ಬಂದರು, ಈ ಸುಗ್ಗಿ ಮಾರಿದರೆ ಮುಂದಿನ ಸುಗ್ಗಿಗೆ ಗದ್ದೆ ಮತ್ತೆ ತುಂಬುತ್ತದೆ. ಕುದುರೆಮುಖದಲ್ಲಿ ಮಾರಿದ್ದು ಬೆಳೆಯನ್ನಲ್ಲ, ಗದ್ದೆಯನ್ನೇ.

ಈಗಲೂ ಗುಲ್ವಾಡಿ, ಕಂಡ್ಲೂರು, ಬಸ್ರೂರು ಕಡೆಯ ಮನೆಗಳು ಕೊಲ್ಲಿಯ ಕಡೆಗೆ ಕಿವಿಯಿಟ್ಟೇ ಇರುತ್ತವೆ. 2025ರ ಜೂನ್ 13ರಂದು ಇಸ್ರೇಲ್ ಇರಾನಿನ ಮೇಲೆ ದಾಳಿ ಮಾಡಿದಾಗ, ಹತ್ತು ದಿನದ ಮೇಲೆ ಇರಾನಿನ ಕ್ಷಿಪಣಿಗಳು ಕತಾರಿನ ಅಮೆರಿಕನ್ ನೆಲೆಯತ್ತ ಹಾರಿ ವಾಯುಮಾರ್ಗ ಮುಚ್ಚಿದಾಗ, ಇಲ್ಲಿನ ಅಮ್ಮಂದಿರು ಮಗನ ಫೋನಿಗಾಗಿ ರಾತ್ರಿ ಕಾದರು. ಆದರೆ ಈ ಮನೆಗಳ ಬುದ್ಧಿವಂತಿಕೆ ನೋಡಿ. ಒಬ್ಬ ಮಗ ದುಬೈಯಲ್ಲಿ, ಇನ್ನೊಬ್ಬ ಬೆಂಗಳೂರಿನ ಹೋಟೆಲಿನಲ್ಲಿ, ಮೂರನೆಯವ ಗದ್ದೆಯ ಹತ್ತಿರ. ಮನೆಯ ಜಾಗವನ್ನು ಮಾತ್ರ ಯಾರಿಗೂ ಒತ್ತೆಯಿಡುವುದಿಲ್ಲ. ಮಂಗಳೂರಿನ ಎಂಆರ್‌ಪಿಎಲ್ ಕೂಡ ಇರಾನಿನ ಕಚ್ಚಾತೈಲದ ದೊಡ್ಡ ಗಿರಾಕಿಯಾಗಿತ್ತು. 2019ರ ಮೇ ತಿಂಗಳಲ್ಲಿ ಅಮೆರಿಕ ವಿನಾಯಿತಿ ನಿಲ್ಲಿಸಿದಾಗ ಬೇರೆ ದೇಶಗಳ ತೈಲದಿಂದ ಅದು ನಡೆಯಿತು. ಕೊಳ್ಳುವವನಿಗೆ ನಾಲ್ಕು ಅಂಗಡಿಗಳಿರುತ್ತವೆ. ಒಬ್ಬನನ್ನೇ ನಂಬಿ ಬೆಟ್ಟ ಬಗೆದವನಿಗೆ ಯಾವ ದಾರಿಯೂ ಇರುವುದಿಲ್ಲ.

ಈಗ ಕುದುರೆಮುಖ ಅಗೆದ ಅದೇ ಕಂಪನಿಗೆ ಬಳ್ಳಾರಿ ಜಿಲ್ಲೆಯ ಸಂಡೂರಿನ ದೇವದಾರಿ ಬೆಟ್ಟ ಬೇಕಾಗಿದೆ. 2024ರ ಜೂನಿನಲ್ಲಿ ಕೇಂದ್ರದ ಉಕ್ಕು ಸಚಿವರಾದ ಎಚ್.ಡಿ. ಕುಮಾರಸ್ವಾಮಿಯವರು ಅದರ ಕಡತಕ್ಕೆ ಸಹಿ ಹಾಕಿದರು. ಅರಣ್ಯ ಇಲಾಖೆಗೆ ಕೊಡಬೇಕಾದ ಕುದುರೆಮುಖದ ಬಾಕಿ ತೀರಿಸದೆ ಅರಣ್ಯ ಹಸ್ತಾಂತರ ಬೇಡವೆಂದು ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆಯವರು ಅಧಿಕಾರಿಗಳಿಗೆ ಸೂಚಿಸಿದರು. ಸಚಿವರ ಆ ಸೂಚನೆ ಸರಿ. ಅದು ಎರಡು ಪಕ್ಷಗಳ ಜಗಳದ ದಾಳವಾಗದೆ ಉಳಿಯಬೇಕು. ಒಂದು ಬೆಟ್ಟದ ಲೆಕ್ಕ ಕೊಡದವರ ಕೈಗೆ ಇನ್ನೊಂದು ಬೆಟ್ಟ ಕೊಡಬಾರದು.

1975ರ ಒಪ್ಪಂದದ ಪೂರ್ತಿ ಪಾಠ, ಇರಾನ್ ಕೊಟ್ಟ ಸಾಲ, ನಾವು ತೀರಿಸಿದ ಮೊತ್ತ, ಬೊಕ್ಕಸದಿಂದ ಹೋದ ಹಣ, ಅರಣ್ಯ ಇಲಾಖೆಗೆ ಉಳಿಸಿಕೊಂಡ ಬಾಕಿ, ಇವೆಲ್ಲವನ್ನೂ ಕೇಂದ್ರ ಸರ್ಕಾರ ಶ್ವೇತಪತ್ರವಾಗಿ ಸಂಸತ್ತಿನ ಮುಂದಿಡಬೇಕು. ಉಡುಪಿ-ಚಿಕ್ಕಮಗಳೂರು ಸಂಸದರು ಮುಂದಿನ ಅಧಿವೇಶನದಲ್ಲೇ ಇದನ್ನು ಕೇಳಬೇಕು. ಲಕ್ಯಾದಲ್ಲಿ ನಿಂತಿರುವ ಕೆಸರಿನ ಪರಿಸ್ಥಿತಿ ಏನು, ಭಾರಿ ಮಳೆ ಬಂದರೆ ಅಣೆಕಟ್ಟು ಎಷ್ಟು ತಡೆಯುತ್ತದೆ ಎಂಬ ವರದಿ ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಕನ್ನಡದಲ್ಲಿ ಅಚ್ಚಾಗಿ, ಭದ್ರಾ ದಡದ ಕಳಸದಲ್ಲೂ ಬಾಳೆಹೊನ್ನೂರಿನಲ್ಲೂ ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಬೇಕು.